ರುದ್ರಮ್ಮನ ಹಾಲುಮಗ

ಚಳ್ಳಕೆರೆಯ ರುದ್ರಮ್ಮ ಮಗಳಿಗೆ ಎದೆಹಾಲೂಡಿಸುತ್ತಿದ್ದ ದಿನಗಳಲ್ಲಿ ಪಕ್ಕದ ಮನೆಯ ಮೆಹಬೂಬಿ ಗಂಡುಮಗುವನ್ನು ಹೆತ್ತು ತೀರಿಕೊಂಡಳು. ರುದ್ರಮ್ಮ ಆ ಕೂಸನ್ನೂ ಎದೆಗವಚಿಕೊಂಡಳು. ಅತ್ತೆ ಗದರಿದಾಗ, "ಅದು ಅತ್ರೆ ನನ್ನೆದೆ ತಾನಾಗೇ ತೊಟ್ಟಿಕ್ತೈತೆ, ನಾನೇನ್ ಮಾಡ್ಲಿ ಅತ್ತೆ?" ಎಂದಳು.

ಆ ಕೂಸು ದಾದಾಪೀರ್ ಬೆಳೆದು ಟ್ರ್ಯಾಕ್ಟರ್ ಮೆಕ್ಯಾನಿಕ್ ಆದ. ಹೋದ ವರ್ಷ ರುದ್ರಮ್ಮ ತೀರಿಕೊಂಡಾಗ, ಮುಂದೆ ಬರಬಹುದೋ ಬಾರದೋ ಎಂದು ತಿಳಿಯದೆ ಸ್ಮಶಾನದಲ್ಲಿ ಜನರ ಹಿಂದೆ ನಿಂತಿದ್ದ. ಮಣ್ಣು ಕೊಡುವ ಹೊತ್ತಿಗೆ ಮಗಳು ಗಂಗಾಂಬಿಕಾ ಅವನನ್ನು ಹುಡುಕಿಕೊಂಡು ಬಂದು ಕೈ ಹಿಡಿದಳು.

"ಮಗ ಮೊದಲು ಮಣ್ಣು ಹಾಕ್ಬೇಕಂತೆ. ಅವ್ವಗೆ ಇರೋ ಮಗ ನೀನೊಬ್ಬನೇ, ಬಾರೋ."

ದಾದಾಪೀರ್ ಹಿಡಿಮಣ್ಣು ಹಾಕಿ, ಅಲ್ಲೇ ಕುಸಿದು "ಅವ್ವಾ" ಎಂದು ಅತ್ತ. ಮನೆಯಲ್ಲಿ ಉರ್ದು ಆಡುವ ಅವನಿಗೆ ತಾಯಿಯನ್ನು ಕರೆಯಲು ಗೊತ್ತಿದ್ದದ್ದು ಅದೊಂದೇ ಮಾತು.