ಮೇ ಊ ಮೇಲೆ ಒಂದು ದೂರು

ಆ ಕಾಲದಲ್ಲಿ ರಂಗೂನಿನ ಸಾಂಚೌಂಗ್ ಬಡಾವಣೆಯಲ್ಲಿ ಕರೆಂಟು ಆರು ಗಂಟೆ ಇರುತ್ತಿತ್ತು, ಆರು ಗಂಟೆ ಹೋಗುತ್ತಿತ್ತು. ಜನ ಅದನ್ನು ಬೈದುಕೊಂಡೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಕೇತಿ ಒಬ್ಬಳೇ ಬೈಯುತ್ತಿರಲಿಲ್ಲ. ಅವಳ ಬದುಕನ್ನು ನೇರವಾಗಿ ಎರಡು ಹೋಳು ಮಾಡಿ ಕೊಟ್ಟದ್ದೇ ಆ ಕರೆಂಟು. ಅದು ಇದ್ದಾಗ ಬಾಸ್ ಗಿಟಾರು, ಹೋದಾಗ ಪುಸ್ತಕ. ಫ್ಯಾನು ತಿರುಗಲು ಶುರುವಾದ ಕೂಡಲೇ ಅಂಗಡಿಯನ್ನು ಅಮ್ಮನಿಗೊಪ್ಪಿಸಿ, ಗಿಟಾರನ್ನು ಹೆಗಲಿಗೇರಿಸಿ, ಬ್ಯಾಟರಿ ಅಂಗಡಿಯ ಹಿಂದಿನ ಶೆಡ್ಡಿಗೆ ಓಡುತ್ತಿದ್ದಳು. ಅಲ್ಲಿ ‘ಅಡ್ಡಗಾಳಿ’ ಎಂಬ ರಾಕ್ ಬ್ಯಾಂಡಿನ ಉಳಿದ ಮೂವರು ಕಾದಿರುತ್ತಿದ್ದರು. ಆಂಪ್ಲಿಫೈಯರಿನ ಕೆಂಪು ದೀಪ ಆರಿತೋ, ಹಾಡು ಎಲ್ಲಿಗೆ ಬಂದಿದ್ದರೂ ಸರಿ, ಅಲ್ಲಿಗೇ ಬಿಟ್ಟು ವಾಪಸ್ಸು.

ಅಂಗಡಿಯೆಂದರೆ ಅಮ್ಮನ ಬಾಡಿಗೆ ಪುಸ್ತಕದ ಅಂಗಡಿ. ಸಿಮೆಂಟು ಚೀಲದ ಕಾಗದ ಹೊದಿಸಿ, ಬೆನ್ನಿಗೆ ನಂಬರು ಬರೆದ ಪುಸ್ತಕಗಳು ಗೋಡೆಯ ತುಂಬ. ಶಾಲೆಗೆ ಹೋಗುವ ಮೊದಲೇ ಕೇತಿ ಆ ನಂಬರುಗಳನ್ನು ಓದಿ ಓದಿ ಎಣಿಕೆ ಕಲಿತವಳು. ಇಪ್ಪತ್ತನೆಯ ವಯಸ್ಸಿಗೆ ಅಂಗಡಿಯ ಪುಸ್ತಕವೆಲ್ಲ ಮುಗಿಸಿ ಕೂತಿದ್ದಳು. ಓದುವ ಹುಚ್ಚು ಇದ್ದವರಿಗೆ ಬರೆಯುವ ಹುಚ್ಚು ಹಿಡಿಯಲು ತಡವೇನು! ಗಿಟಾರು ಬಂದದ್ದು ಮಾತ್ರ ಆಕಸ್ಮಿಕ. ಬ್ಯಾಂಡಿನ ಹಳೆಯ ಬಾಸಿನವನು ಹಡಗಿನ ಕೆಲಸ ಹಿಡಿದು ಹೋದ. ನಾಳೆಯೇ ಕಾರ್ಯಕ್ರಮ. ಡ್ರಮ್ಮಿನ ಕೋ ಪೌಕ್, ಆ ಬೀದಿಯವರಿಗೆಲ್ಲ ಅಣ್ಣನಾದವನು, ಇವಳ ಉದ್ದನೆಯ ಬೆರಳುಗಳನ್ನು ನೋಡಿ ಹಡಗಿನವನ ಗಿಟಾರನ್ನು ಕೈಗೆ ಕೊಟ್ಟ. ಏಳು ವರ್ಷವಾಯಿತು, ಅವಳು ಅದನ್ನು ಕೆಳಗಿಟ್ಟಿಲ್ಲ. ಹಾಡುವುದೂ ಅವಳೇ, ಹಾಡಿನ ಮಾತು ಬರೆಯುವುದೂ ಅವಳೇ.

ಕಥೆಗಳು ಮಾತ್ರ ಕೇತಿಯ ಹೆಸರಿನಲ್ಲಿ ಹೊರಬರುತ್ತಿರಲಿಲ್ಲ. ಅವನ್ನು ಬರೆಯುತ್ತಿದ್ದವಳು ತನ್ಲಿನ್ ಮೇ ಊ. ನದಿಯಾಚೆಯ ತನ್ಲಿನ್ ಊರಿನಲ್ಲಿ ಚಿಕ್ಕಮ್ಮನ ಮನೆಯಿತ್ತು. ಆ ವಿಳಾಸದಿಂದ ಒಂದು ಮಾಸಪತ್ರಿಕೆಗೆ ಕಥೆ ಹೋಗುತ್ತಿತ್ತು. ಸಂಪಾದಕರು ಅವಳ ಮುಖ ಕಂಡವರಲ್ಲ. ಹೀಗೆ ಹನ್ನೊಂದು ಕಥೆ ಅಚ್ಚಾಗಿದ್ದವು, ಎಲ್ಲವೂ ನದಿಯ ಜನರವು. ಅಂಬಿಗರು, ಮೀನು ಒಣಗಿಸುವವರು, ದೋಣಿ ಕಟ್ಟೆಯಲ್ಲಿ ಚೀಟಿ ಹರಿಯುವ ಹೆಂಗಸರು.

ಹಾಡಾಗಲಿ ಕಥೆಯಾಗಲಿ ಸರ್ಕಾರದ ಪರಿಶೀಲನೆಯ ಕಚೇರಿಯ ಮುದ್ರೆ ಬೀಳದೆ ಹೊರಬರುವಂತಿರಲಿಲ್ಲ. ಮೇ ಊಳ ಎರಡು ಕಥೆಗಳನ್ನು ಅಲ್ಲಿ ತಡೆದಿದ್ದರು. ಈ ಮೇ ಊ ಯಾರು ಎಂದು ವಿಚಾರಿಸುತ್ತಿದ್ದಾರೆಂಬ ಸುದ್ದಿಯೂ ಇತ್ತು. ಬ್ಯಾಂಡಿನಲ್ಲಿ ಗುಟ್ಟು ಗೊತ್ತಿದ್ದವನು ಕೋ ಪೌಕ್ ಒಬ್ಬನೇ. ಹಾಡುಗಾರನ ಒಂದು ಪದ್ಯದ ದೆಸೆಯಿಂದ ಮೂರು ವರ್ಷ ವೇದಿಕೆ ಕಾಣದೆ ಚದುರಿಹೋದ ಇನ್ನೊಂದು ಬ್ಯಾಂಡನ್ನು ಅವನು ಕಣ್ಣಾರೆ ನೋಡಿದ್ದ. ಹಾಗಾಗಿ ಒಂದು ದಿನ ಡ್ರಮ್ಮಿನ ತಿರುಪು ಬಿಗಿ ಮಾಡುತ್ತಾ, ಮುಖ ಎತ್ತದೆ ಹೇಳಿದ್ದ:

“ನೀನು ಏನ್ ಬೇಕಾದ್ರೂ ಬರ್ಕೋ ಕೇತಿ. ಆದ್ರೆ ಆ ಮೇ ಊ ಈ ಶೆಡ್ಡೊಳಗೆ ಕಾಲಿಡಬಾರದು. ಎರಡು ದೋಣಿ ಮೇಲೆ ಕಾಲಿಟ್ಟಿರೋಳು ನೀನು. ನೀನು ಬಿದ್ರೆ ನಾವು ಮೂವರೂ ಮುಳುಗ್ತೀವಿ.”

ಕೇತಿ ಒಪ್ಪಿದಳು. ಕಥೆಯ ಕಾಗದ ಅಂಗಡಿಯಲ್ಲಿ, ಹಾಡಿನ ಪುಸ್ತಕ ಶೆಡ್ಡಿನಲ್ಲಿ. ಒಂದರ ಪೆನ್ನು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ.

ಅಂಗಡಿಗೆ ಮಂಗಳವಾರಕ್ಕೊಮ್ಮೆ ದೋ ನು ಯಿನ್ ಬರುತ್ತಿದ್ದರು. ನಿವೃತ್ತ ಟೀಚರು, ಕೇತಿಗೆ ಅಕ್ಷರ ತಿದ್ದಿಸಿದವರೂ ಅವರೇ. ಕೊಡೆಯನ್ನು ಬಾಗಿಲಿಗೆ ಒರಗಿಸಿ, ಮೊದಲು ಕೇಳುತ್ತಿದ್ದದ್ದು ಈ ತಿಂಗಳು ಮೇ ಊ ಇದ್ದಾಳಾ ಎಂದು. ಆಕೆಗೆ ಅರವತ್ತಾದರೂ ಆಗಿರಬೇಕು, ಗಂಡ ಇಲ್ಲ, ಕಾಲುನೋವು ಇದೆ ಎಂದು ಅವರು ಬರೀ ಕಥೆಗಳಿಂದಲೇ ಕಂಡುಹಿಡಿದಿದ್ದರು. ಕೇತಿ ಹೂಂಗುಟ್ಟುತ್ತಾ ನಂಬರು ಬರೆದುಕೊಳ್ಳುತ್ತಿದ್ದಳು. “ಆ ತಗಡು ಬಡಿಯೋದು ಬಿಟ್ಟು ಇವಳ ಹಂಗೆ ನಾಲ್ಕು ಸಾಲು ಬರೆಯೋದು ಕಲಿ” ಎಂದು ಬೈಸಿಕೊಂಡ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ, ಅಷ್ಟು ಸಂತೋಷ.

ತಿಂಜಾನ್ ನೀರಹಬ್ಬಕ್ಕೆ ಒಂದೂವರೆ ತಿಂಗಳಿರುವಾಗ ‘ಅಡ್ಡಗಾಳಿ’ಗೆ ಕೆರೆ ದಂಡೆಯ ದೊಡ್ಡ ವೇದಿಕೆ ಸಿಕ್ಕಿತು. ಹನ್ನೆರಡು ವರ್ಷ ಕಾದ ಮೇಲೆ ಸಿಕ್ಕ ವೇದಿಕೆ. ಹೊಸ ಹಾಡೊಂದು ಬೇಕು, ಅದರ ಮಾತು ಮರುದಿನವೇ ಕಚೇರಿಗೆ ಹೋಗಬೇಕು. ಹಾಡೆಲ್ಲ ಕೂಡಿತ್ತು, ಪಲ್ಲವಿಯ ಕೊನೆಯ ಸಾಲೊಂದೇ ಕೈಕೊಡುತ್ತಿತ್ತು. ಇಪ್ಪತ್ತು ಸಲ ಬರೆದು ಇಪ್ಪತ್ತು ಸಲ ಹೊಡೆದುಹಾಕಿದಳು. ಕರೆಂಟು ಹೋಗಲು ಹತ್ತು ನಿಮಿಷವಿತ್ತು. ಗಿಟಾರು ನುಡಿಸುವ ಅಣ್ಣ ತಮ್ಮಂದಿರಿಬ್ಬರೂ ಗಡಿಯಾರ ನೋಡುತ್ತಿದ್ದರು. ಕೋ ಪೌಕ್ ಮತ್ತೊಮ್ಮೆ ತಾಳ ಹಿಡಿದ. ಆ ಸಾಲಿನ ಜಾಗ ಬಂದಾಗ ಅವಳ ಬಾಯಿಂದ ತಾನಾಗಿ ಬಂದುಬಿಟ್ಟಿತು:

*ಎಲ್ಲರನ್ನೂ ದಡ ಸೇರಿಸಿದವಗೆ ತನ್ನ ದಡ ಯಾವುದೆಂದು ಮರೆತುಹೋಯಿತು.*

ಅಣ್ಣ ತಮ್ಮಂದಿರು ಗಡಿಯಾರ ನೋಡುವುದನ್ನು ಬಿಟ್ಟರು. ಹುಟ್ಟಿದಾಗಿನಿಂದ ಒಂದು ಪುಸ್ತಕವನ್ನೂ ಮುಗಿಸದ ಕೋ ಪೌಕ್, ಇನ್ನೊಂದು ಸಲ ಹೇಳು ಎಂದ. ಅವಳು ಹೇಳಿದಳು. ಇದೇ ಇರಲಿ ಎಂದು ಎಲ್ಲರೂ ಒಪ್ಪಿದರು, ಕರೆಂಟು ಹೋಯಿತು.

ಆ ಸಾಲು ಮೇ ಊಳದು. ನಾಲ್ಕು ತಿಂಗಳ ಹಿಂದೆ ಕಳಿಸಿದ ಕಥೆಯಲ್ಲಿ ಮುದುಕ ಅಂಬಿಗನೊಬ್ಬನ ಬಗ್ಗೆ ಬರೆದದ್ದು. ಪತ್ರಿಕೆಯಿಂದ ಉತ್ತರ ಬಂದಿರಲಿಲ್ಲ. ಕಥೆ ಕಸದ ಬುಟ್ಟಿ ಸೇರಿರಬೇಕು, ಒಳ್ಳೆಯ ಸಾಲೊಂದು ಸುಮ್ಮನೆ ಸಾಯುವುದೇಕೆ ಎಂದುಕೊಂಡಳು. ಬರೆಯುವವರ ಜಿಪುಣತನ ಎಂಥದ್ದೆಂದು ಬರೆಯದವರಿಗೆ ತಿಳಿಯದು. ಅವರು ಚಪ್ಪಲಿ ಬೇಕಾದರೆ ಬಿಟ್ಟು ಬರುತ್ತಾರೆ, ಸಾಲು ಬಿಟ್ಟು ಬರಲಾರರು.

ಹಾಡು ಕಚೇರಿಗೆ ಹೋದ ವಾರಕ್ಕೆ ತನ್ಲಿನ್‌ನಿಂದ ಚಿಕ್ಕಮ್ಮ ಕಾಗದ ತಂದುಕೊಟ್ಟಳು. ಸಂಪಾದಕರದು. ತಮ್ಮ ಕಥೆ ಬಹಳ ಹಿಡಿಸಿತು, ಅನುಮತಿಗೆ ಕಳಿಸಿದ್ದೇವೆ ಎಂದಿತ್ತು.

ಈಗ ಒಂದೇ ಸಾಲು ಒಂದೇ ಕಚೇರಿಯಲ್ಲಿ ಎರಡು ಹೆಸರಿನಲ್ಲಿ ಕೂತಿತ್ತು. ಆಗಲೇ ಕಥೆ ವಾಪಸು ಕೇಳಿ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಅವಳು ಬರೆಯಲಿಲ್ಲ. ಹಾಡಿನ ರಾಶಿಯೇ ಬೇರೆ, ಕಥೆಯ ರಾಶಿಯೇ ಬೇರೆ, ಅಷ್ಟು ಕಾಗದದ ನಡುವೆ ಒಂದು ಸಾಲನ್ನು ಯಾರು ಹುಡುಕುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಎರಡೂ ಬೇಕಿತ್ತು. ಆಸೆಬುರುಕಿ. ಅಂದಿನಿಂದ ಅಂಗಡಿಯ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅವಳ ಕೈಯ ಪುಸ್ತಕ ಮುಚ್ಚಿಕೊಳ್ಳುತ್ತಿತ್ತು. ಓದಿದ ಪುಟವನ್ನೇ ಮತ್ತೆ ಓದುತ್ತಿದ್ದಳು, ಶೆಡ್ಡಿನಲ್ಲಿ ಗೊತ್ತಿದ್ದ ತಾಳ ತಪ್ಪುತ್ತಿದ್ದಳು. ಹಬ್ಬಕ್ಕೆ ಹದಿನೆಂಟು ದಿನವಿರುವಾಗ ಕರೆ ಬಂತು. ಹಾಡು ಬರೆದವಳು ಒಬ್ಬಳೇ ಕಚೇರಿಗೆ ಬರಬೇಕು.

ಅಲ್ಲಿ ಊ ಬಾ ಶೇನ್ ಎಂಬ ಅಧಿಕಾರಿ ಕೂತಿದ್ದ. ಇಸ್ತ್ರಿ ಮಾಡಿದ ಲುಂಗಿ, ಎದುರಿಗೆ ಚಹಾದ ಫ್ಲಾಸ್ಕು, ಕೆಂಪು ಪೆನ್ಸಿಲ್ಲು. ಹತ್ತೊಂಬತ್ತು ವರ್ಷದಿಂದ ದಿನಕ್ಕೆಂಟು ಗಂಟೆ ಓದುವುದೇ ಕೆಲಸವಾದ ಮನುಷ್ಯ. ಇಡೀ ರಂಗೂನಿನಲ್ಲಿ ಹಾಡು ಮತ್ತು ಕಥೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದುವವನು ಬಹುಶಃ ಅವನೊಬ್ಬನೇ. ಇದು ಕೇತಿಗೆ ಹೊಳೆದದ್ದು ಅವನ ಮುಂದೆ ಕೂತ ಮೇಲೆ. ಅವನು ಅವಳಿಗೂ ಚಹಾ ಬಗ್ಗಿಸಿ, ಹಾಡಿನ ಹಾಳೆಯನ್ನು ತಿರುಗಿಸಿಟ್ಟ.

“ಈ ಸಾಲು ನಿಂದೇನಾ ತಂಗಿ?”

ಹೌದೆಂದಳು. ಅವನು ಪಕ್ಕದಲ್ಲಿ ಇನ್ನೊಂದು ಹಾಳೆಯಿಟ್ಟ. ಕಥೆಯ ಒಂಬತ್ತನೆಯ ಪುಟ. ಅದೇ ಸಾಲಿನ ಕೆಳಗೆ ಕೆಂಪು ಗೆರೆ.

“ಹಂಗಾದ್ರೆ ಇದು?”

ಕೇತಿ ಚಹಾದ ಲೋಟವನ್ನು ಹಾಳೆಗಳಿಂದ ದೂರ ಸರಿಸಿದಳು. ಗೊತ್ತಿಲ್ಲ ಎಂದಳು.

“ಗೊತ್ತಿಲ್ಲ ಅಂದ್ರೆ ದಾರಿ ಎರಡೇ ತಂಗಿ. ಇಬ್ಬರೂ ಒಬ್ಬರೇ ಆಗಿರಬೇಕು. ಇಲ್ಲಾ ಒಬ್ಬರು ಕಳ್ಳರು. ಒಬ್ಬರೇ ಅಂದ್ರೆ ನಾನು ತನ್ಲಿನ್‌ಗೆ ಜನ ಕಳಿಸಬೇಕಾಗುತ್ತೆ, ವೇದಿಕೆ ಹಾಡು ಎಲ್ಲಾ ನಿಂತುಹೋಗುತ್ತೆ. ಕಳ್ಳರು ಅಂದ್ರೆ ಸಲೀಸು. ನೀನೊಂದು ದೂರು ಬರ್ಕೊಡು. ಆ ಹೆಸರು ಹೊಡೆದುಹಾಕ್ತೀವಿ, ಮುಗೀತು.”

ಅವನು ಬಿಳಿ ಹಾಳೆಯನ್ನೂ ತನ್ನ ಪೆನ್ನನ್ನೂ ಮುಂದೆ ಸರಿಸಿ ಕಿಟಕಿಯ ಕಡೆ ನೋಡುತ್ತಾ ಕೂತ. ಮೇ ಊಳನ್ನು ಕಳ್ಳಿ ಎನ್ನಬೇಕು. ಹನ್ನೊಂದು ಕಥೆ ಬರೆದವಳನ್ನು, ಕರೆಂಟಿಲ್ಲದ ಅಷ್ಟೂ ಗಂಟೆಗಳನ್ನು, ಕಳ್ಳಿ ಎನ್ನಬೇಕು. ಎನ್ನದಿದ್ದರೆ ಶೆಡ್ಡಿನಲ್ಲಿ ಕಾಯುತ್ತಿರುವ ಮೂವರು, ಕಾಗದ ತಲುಪಿಸುವುದರಾಚೆ ಏನೂ ತಿಳಿಯದ ಚಿಕ್ಕಮ್ಮ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೂ ಇದಕ್ಕಿಂತ ಹೆಚ್ಚು ಯೋಚಿಸುವ ಹೊತ್ತು ಸಿಕ್ಕೀತು. ಒಂದು ಸಾಲಿಗೆ ನಾಲ್ಕು ದಿನ ತೆಗೆದುಕೊಳ್ಳುವ ಕೇತಿ ಒಂದೇ ಉಸಿರಿಗೆ ಒಂದು ಪುಟ ಬರೆದಳು. ತನ್ಲಿನ್ ಮೇ ಊ ಎಂಬಾಕೆ ನನ್ನ ಹಾಡಿನ ಸಾಲನ್ನು ಕದ್ದಿದ್ದಾಳೆ. ಕೆಳಗೆ ಸಹಿ.

ಊ ಬಾ ಶೇನ್ ಅದನ್ನು ನಿಧಾನವಾಗಿ, ಎರಡು ಸಲ ಓದಿದ. ಹಾಡಿನ ಹಾಳೆಗೆ ಮುದ್ರೆ ಒತ್ತಿದ. ಅವಳು ಎದ್ದು ಬಾಗಿಲ ತನಕ ಹೋದಾಗ ಹಿಂದಿನಿಂದ ಹೇಳಿದ:

“ಚೆನ್ನಾಗಿ ಬರೀತೀಯಲ್ಲ ತಂಗಿ. ನೀನೂ ಕಥೆ ಬರೀಬಾರದಾ?”

ಅವನಿಗೆ ಗೊತ್ತಿತ್ತೋ ಇಲ್ಲವೋ, ಉಳಿಸಿದನೋ ಆಟವಾಡಿಸಿದನೋ, ಕೇತಿಗೆ ಇವತ್ತಿಗೂ ಬಗೆಹರಿದಿಲ್ಲ.

ಕೋ ಪೌಕ್ ಒಬ್ಬನಿಗೆ ಎಲ್ಲ ಹೇಳಿದಳು. ಅವನು ಬೈಯುತ್ತಾನೆಂದುಕೊಂಡಿದ್ದಳು, ಬೈಯಲಿಲ್ಲ. ಡ್ರಮ್ಮಿನ ಕೋಲನ್ನು ಲುಂಗಿಗೆ ಒರೆಸುತ್ತಾ, ಸತ್ತದ್ದು ಹೆಸರು ತಾನೇ, ನೀನಲ್ಲವಲ್ಲ ಎಂದ. ಅವಳಿಗೆ ಹಾಗನ್ನಿಸುತ್ತಿರಲಿಲ್ಲ.

ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ಸಂಪಾದಕರ ಪ್ರಕಟಣೆ ಬಂತು. ತನ್ಲಿನ್ ಮೇ ಊ ಕಳಿಸಿದ ಕಥೆಯಲ್ಲಿ ಒಂದು ಹಾಡಿನ ಸಾಲು ಕದ್ದದ್ದೆಂದು ಅದನ್ನು ಬರೆದ ಕೇತಿ ಲ್ವಿನ್ ದೂರಿತ್ತಿದ್ದಾರೆ, ಸಾಲು ಇದು, ಇನ್ನು ಮೇಲೆ ಆಕೆಯ ಬರಹ ಪ್ರಕಟಿಸುವುದಿಲ್ಲ, ಓದುಗರು ಕ್ಷಮಿಸಬೇಕು. ಕೇತಿ ಆ ಸಂಚಿಕೆಗೂ ಕಾಗದ ಹೊದಿಸಿ, ನಂಬರು ಬರೆದು, ಎಲ್ಲದರ ಜೊತೆಗಿಟ್ಟಳು. ಹಬ್ಬಕ್ಕೆ ಐದು ದಿನವಿತ್ತು. ಆ ಮಂಗಳವಾರ ದೋ ನು ಯಿನ್ ಅದನ್ನು ಒಯ್ದರು.

ಹಬ್ಬದ ಮೂರನೆಯ ದಿನ ಮಧ್ಯಾಹ್ನ ‘ಅಡ್ಡಗಾಳಿ’ ವೇದಿಕೆಯೇರಿತು. ಆಂಪ್ಲಿಫೈಯರುಗಳಿಗೆ ಪ್ಲಾಸ್ಟಿಕ್ಕು ಹೊದಿಸಿತ್ತು. ಕೆಳಗೆ ರಸ್ತೆಯುದ್ದಕ್ಕೂ ಜೀಪುಗಳು, ಜೀಪಿನ ಮೇಲೆ ತೊಯ್ದ ಜನ, ನೂರಾರು ಪೈಪುಗಳಿಂದ ನೀರು. ಮೊದಲ ಸಲ ಪಲ್ಲವಿ ಕೇಳಿದರು. ಎರಡನೆಯ ಸಲ ಗುನುಗಿದರು. ಮೂರನೆಯ ಸಲ ಆ ಸಾಲು ಬಂದಾಗ ಕೇತಿ ಬಾಯಿ ತೆರೆಯುವ ಮೊದಲೇ ಅಷ್ಟೂ ಜನ ಅದನ್ನು ಹಾಡಿದರು. ಅಣ್ಣ ತಮ್ಮಂದಿರು ನಗುತ್ತಿದ್ದರು. ಕೇತಿ ಅಳುತ್ತಿದ್ದಳು. ನೀರಿನಲ್ಲಿ ಯಾರಿಗೂ ಕಾಣುವ ಹಾಗಿರಲಿಲ್ಲ, ಕೋ ಪೌಕ್‌ಗೆ ಬಿಟ್ಟು.

ಹಬ್ಬ ಮುಗಿದ ಮರುದಿನ ಹೊಸ ವರ್ಷ. ಅಂದು ಚಿಕ್ಕವರು ಹಿರಿಯರ ಮನೆಗೆ ಹೋಗಿ, ಕಾಣಿಕೆಯಿಟ್ಟು, ಕಾಲಿಗೆರಗಿ, ವರ್ಷವಿಡೀ ಮಾಡಿದ ತಪ್ಪಿಗೆ ಕ್ಷಮೆ ಬೇಡಬೇಕು. ಕೇತಿ ಪ್ರತಿ ವರ್ಷದಂತೆ ತೆಂಗಿನಕಾಯಿ, ಬಾಳೆಹಣ್ಣು, ಒಂದು ಟವೆಲ್ಲು ತಟ್ಟೆಯಲ್ಲಿಟ್ಟುಕೊಂಡು ಬೆಳಿಗ್ಗೆಯೇ ದೋ ನು ಯಿನ್ ಮನೆಗೆ ಹೋದಳು. ಟೀಚರಮ್ಮ ಚಾಪೆಯ ಮೇಲೆ ಕೂತಿದ್ದರು. ಅವರ ಪಕ್ಕದಲ್ಲಿ ಆ ಸಂಚಿಕೆಯಿತ್ತು. ಕೇತಿ ಮಂಡಿಯೂರಿ ಕೈಮುಗಿದು ಬಾಗುವಷ್ಟರಲ್ಲಿ ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು.

“ನನ್ನ ಕಾಲಿಗೆ ಬೀಳಬೇಡ. ಕದ್ದೋಳು ನೀನು.”

ಕೇತಿ ಮುಗಿದ ಕೈಯನ್ನು ಕೆಳಗಿಳಿಸಿದಳು.

“ನಿನ್ನ ಹಾಡು ಮೊನ್ನೆಯಿಂದ ಕಿವಿ ತೂತಾಗೋ ಹಂಗೆ ಕೇಳ್ತಿದೀನಿ. ಆ ಮಾತು ನಿಂದಲ್ಲ. ಆ ಮಾತಿನ ಹಿಂದೆ ಹನ್ನೊಂದು ಕಥೆ ಇವೆ. ನಿನ್ನ ಹಾಡಲ್ಲಿ ಅದರ ಹಿಂದೆ ಡ್ರಮ್ಮು ಬಿಟ್ರೆ ಏನಿದೆ? ಎಲ್ಲೋ ಅವಳ ಹಾಳೆ ನಿನ್ನ ಕೈಗೆ ಸಿಕ್ಕಿರಬೇಕು. ಕದ್ದಿದ್ದಲ್ಲದೆ ಅವಳ ಮೇಲೇ ದೂರು. ನಾನು ಅಕ್ಷರ ಕಲಿಸಿದ್ದು ಇದಕ್ಕಾ?”

ಲೋಕವೆಲ್ಲ ನಂಬಿದ ಸುಳ್ಳನ್ನು ನಂಬದವರು ಇವರೊಬ್ಬರೇ. ಅವರೇ ಕಾಲು ಮುಟ್ಟಗೊಡುತ್ತಿಲ್ಲ. ಒಂದು ಮಾತು ಹೇಳಿದರೆ ಟೀಚರಮ್ಮ ಎದ್ದು ತಬ್ಬಿಕೊಂಡಾರು. ಆ ಮಾತು ಸಂಜೆಯೊಳಗೆ ಬೀದಿ ದಾಟೀತು, ವಾರದೊಳಗೆ ಊ ಬಾ ಶೇನ್‌ನ ಮೇಜಿಗೆ ಬಂದೀತು.

“ಹೌದು ಟೀಚರಮ್ಮ,” ಎಂದಳು. “ಕದ್ದೆ.”

ದೋ ನು ಯಿನ್ ತಟ್ಟೆಯನ್ನು ಅವಳ ಕಡೆಗೇ ಸರಿಸಿದರು. ತನ್ಲಿನ್ ಏನು ದೂರವೇ, ಇವತ್ತೇ ಹೋಗು, ಅವಳ ಕಾಲಿಗೆ ಬಿದ್ದು ಬಂದ ಮೇಲೆ ನನ್ನ ಹತ್ತಿರ ಬಾ ಎಂದರು. ಹಾಗೇ ಆಗಲಿ ಎಂದು ಕೇತಿ ತಟ್ಟೆಯೆತ್ತಿಕೊಂಡು ಎದ್ದಳು. ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಮತ್ತೆ ಕರೆದರು. ಈ ಸಲ ದನಿ ಮೆತ್ತಗಾಗಿತ್ತು.

“ಕ್ಷಮಿಸೋದು ಬಿಡೋದು ಅವಳಿಷ್ಟ. ಆದ್ರೆ ನು ಯಿನ್ ಟೀಚರ್ ಹೇಳಿದ್ರು ಅಂತ ಹೇಳು. ಯಾರು ಏನೇ ಅಂದ್ರೂ ಬರೆಯೋದು ನಿಲ್ಲಿಸಬೇಡ ಅಂತ.”

“ಹೇಳ್ತೀನಿ,” ಎಂದಳು ಕೇತಿ.

ಬೀದಿಯಲ್ಲಿ ಕರೆಂಟು ಬಂದಿತ್ತು. ಬ್ಯಾಟರಿ ಅಂಗಡಿಯ ಹಿಂದೆ ಕೋ ಪೌಕ್ ಡ್ರಮ್ಮು ಬಡಿಯುವುದು ಕೇಳುತ್ತಿತ್ತು. ಅವಳು ಆ ಕಡೆ ತಿರುಗಲಿಲ್ಲ. ತಟ್ಟೆಯನ್ನು ಎದೆಗವಚಿಕೊಂಡು ಅಂಗಡಿಗೆ ಹೋಗಿ, ಅದನ್ನು ಎದುರಿಗಿಟ್ಟುಕೊಂಡು ಕಥೆಯ ಕಾಗದ ತೆಗೆದಳು.