ಸಾಹೇಬರನ್ನು ಕೂರಿಸಿ ನಾನು ಇಳಿದದ್ದು

ನನಗೆ ಲಾರಿ ಬಿಡಲು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿದವರು, ಪಾಪ, ಇವನಿಗೆ ವಿದ್ಯೆ ತಲೆಗೆ ಹತ್ತಲಿಲ್ಲ ಅಂದುಕೊಳ್ಳುತ್ತಾರೆ. ಹತ್ತಿತ್ತು. ಶಿರಸಿಯ ಉಸ್ತಾದರು ಕಲಿಸಿದ್ದನ್ನೆಲ್ಲ ಮೂರು ತಿಂಗಳಲ್ಲಿ ಕಲಿತವನು ನಾನು. ಏರಿನಲ್ಲಿ ನಾನು ಗೇರು ಬದಲಿಸಿದರೆ ಪಕ್ಕದಲ್ಲಿ ಕೂತವರಿಗೆ ತಿಳಿಯುತ್ತಲೂ ಇರಲಿಲ್ಲ. ಅಷ್ಟಾದರೂ ಇಡೀ ಜನ್ಮದಲ್ಲಿ ಒಂದು ದಿನವೂ ನಾನು ಬಾಡಿಗೆಯ ಲಾರಿ ನಡೆಸಲಿಲ್ಲ.

ಮೂವತ್ತರ ದಶಕದ ನಡುವಿನ ಮಾತು. ಘಟ್ಟ ಇಳಿದು ಕುಮಟೆಗೆ ಹೋಗುವ ಮಾಲನ್ನು ಎತ್ತಿನ ಗಾಡಿಗಳ ಕೈಯಿಂದ ಲಾರಿಗಳು ಕಿತ್ತುಕೊಳ್ಳುತ್ತಿದ್ದ ಕಾಲ. ನಮ್ಮದು ಸಿದ್ದಾಪುರದ ಕಡೆಯ ಒಂದು ಹಳ್ಳಿ. ಅಪ್ಪ ಒಡೆಯರ ಗದ್ದೆ ಮಾಡುವ ಒಕ್ಕಲು, ಅಜ್ಜನೂ ಅದೇ. ನಾವಿದ್ದ ಗುಡಿಸಲು ನಿಂತದ್ದು ಒಡೆಯರ ಜಾಗದಲ್ಲಿ. ಅದರ ಮುಂದಿನ ಹಲಸಿನ ಮರವೂ ಅವರದೇ. ಬಿದ್ದ ಹಣ್ಣನ್ನು ಹೆಕ್ಕುವುದಕ್ಕೂ ಹೋಗಿ ಕೇಳಬೇಕು. ಕೇಳಿದರೆ ಇಲ್ಲ ಅನ್ನುತ್ತಿರಲಿಲ್ಲ, ಆದರೆ ಕೇಳಬೇಕು.

ಆ ವರ್ಷ ಅಪ್ಪನ ಬೆನ್ನು ಬಾಗಿದ್ದು ಮತ್ತೆ ನೆಟ್ಟಗಾಗಲಿಲ್ಲ. ನೇಗಿಲ ಹಿಂದೆ ನಡೆಯುವುದು ಅವನ ಕೈಲಿ ಇನ್ನು ಆಗದು ಎಂದು ಎಲ್ಲರಿಗೂ ಕಂಡಿತು. ಅವನ ಜಾಗಕ್ಕೆ ನಾನು ಹೋಗಬೇಕು, ಇಲ್ಲವೇ ನಾವು ಮೂವರೂ ಗುಡಿಸಲು ಬಿಡಬೇಕು. ಅಂಥ ಹೊತ್ತಿಗೆ ಸಿದ್ದಾಪುರದ ಸಂತೆಯಲ್ಲಿ ಉಸ್ತಾದರು ಸಿಕ್ಕರು. ಶಿರಸಿಯ ಮುಸಲ್ಮಾನರ ಮನೆತನ, ತಮ್ಮದೇ ಲಾರಿ, ಡ್ರೈವರ್ ಕೆಲಸವನ್ನು ನಾಲ್ಕು ಜನಕ್ಕೆ ಕಲಿಸುತ್ತಿದ್ದರು. ಕೆಸರಲ್ಲಿ ಹೂತ ಅವರ ಲಾರಿಯನ್ನು ನಾವು ಏಳೆಂಟು ಜನ ದೂಡಿ ಮೇಲೆ ಹಾಕಿದ್ದೆವು. ಚಕ್ರದ ಕೆಳಗೆ ಯಾವ ಸೊಪ್ಪು ಹಾಕಬೇಕು, ಎಷ್ಟು ಹಾಕಬೇಕು ಎಂದು ಹೇಳಿದವನು ನಾನು. ಅವರು ನನ್ನನ್ನೇ ನೋಡಿ, "ನೀ ಬಾರೋ ನನ್ನ ಹತ್ರ. ಬಿಲ್ಲೆ ತಗೊಂಡ್ರೆ ಯಲ್ಲಾಪುರದಾಗೆ ನನ್ನ ತಮ್ಮನ ಲಾರಿ ಐತೆ, ನಡೆಸೋರಿಲ್ಲ. ಇರಾಕೆ ಒಂದು ಖೋಲಿನೂ ಕೊಡಸ್ತೀನಿ. ಅಪ್ಪ ಅಮ್ಮನ್ನ ಕರ್ಕಂಡು ಬಂದುಬಿಡು" ಅಂದರು.

ಬಿಲ್ಲೆ ಅಂದರೆ ಬಾಡಿಗೆಯ ಲಾರಿ ನಡೆಸುವವರು ಎದೆಗೆ ಸಿಕ್ಕಿಸಿಕೊಳ್ಳುವ ಹಿತ್ತಾಳೆಯ ತುಂಡು. ಪೊಲೀಸ್ ಇಲಾಖೆಯ ಸಾಹೇಬರು ಮಳೆಗಾಲ ಕಳೆದ ಮೇಲೆ ಒಮ್ಮೆ ಶಿರಸಿಗೆ ಬಂದು ಪರೀಕ್ಷೆ ಮಾಡಿ ಕೊಡುತ್ತಿದ್ದರು. ಆ ಸಲ ತಪ್ಪಿದರೆ ಮತ್ತೆ ಮುಂದಿನ ವರ್ಷವೇ.

ಒಡೆಯರ ಅಪ್ಪಣೆ ಕೇಳಲು ಅಪ್ಪನೇ ಹೋದ. ನಾನು ಹಿಂದೆ ನಿಂತಿದ್ದೆ. ಅವರು ಸಿಟ್ಟು ಮಾಡಲಿಲ್ಲ. ಎಲೆಯಡಿಕೆ ಅಗಿಯುತ್ತಾ, "ಹೋಗ್ಲಿ ಮಾರಾಯ, ಪ್ರಾಯದವ. ಬಿಲ್ಲೆ ಸಿಕ್ಚು ಅಂದ್ರೆ ಅವನ ದಾರಿ ಅವಂಗೆ. ಸಿಕ್ಕಿದ್ದಿಲ್ಲೆ ಅಂದ್ರೆ ನಿನ್ನ ಜಾಗಕ್ಕೆ ಅಂವನೇ ಬರವು" ಅಂದರು. ಬಿಲ್ಲೆ ಸಿಗದಿದ್ದರೆ ಗದ್ದೆಗೆ ನಾನೇ ಬರಬೇಕು; ನ್ಯಾಯವಾದ ಮಾತೇ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬೈದುಕೊಂಡಾದರೂ ಇರಬಹುದಿತ್ತು.

ಉಸ್ತಾದರ ಶಾಲೆ ಅಂದರೆ ಶಿರಸಿ ಪೇಟೆಯ ಅಂಚಿನ ಒಂದು ತಗಡಿನ ಮಾಡು. ಮೊದಲ ಮೂರು ವಾರ ಲಾರಿಯನ್ನು ಮುಟ್ಟಲೂ ಬಿಡಲಿಲ್ಲ. ನೆಲದಲ್ಲಿ ಮೂರು ಗೂಟ ಹುಗಿದಿದ್ದರು: ಕ್ಲಚ್ಚು, ಬ್ರೇಕು, ಎಕ್ಸಲೇಟರು. ಮರಳು ತುಂಬಿದ ಡಬ್ಬಿಯಲ್ಲಿ ಒಂದು ಕೋಲು, ಅದು ಗೇರು. ಕೈಗೆ ಹಳೆಯ ಬುಟ್ಟಿಯ ಬಾಯಿಕಟ್ಟು, ಅದೇ ಸ್ಟೇರಿಂಗು. ಮಣೆಯ ಮೇಲೆ ಕೂತು ಬೆಳಗಿಂದ ಮಧ್ಯಾಹ್ನದವರೆಗೆ ಗೂಟ ತುಳಿಯುವುದು. ಕಿರವತ್ತಿ ಕಡೆಯಿಂದ ಬಂದ ಗಾಡಿಯವನೊಬ್ಬ ನನ್ನ ಜೊತೆ ಕಲಿಯುತ್ತಿದ್ದ, ಬಾಯಿ ಸುಮ್ಮನಿರದ ಆಸಾಮಿ. "ಉಸ್ತಾದ್ರ, ಇಂವಾ ಬುಟ್ಟಿ ಹಿಡಕೊಂಡು ಕುಂತದ್ದು ನೋಡ್ರಿ. ಲಾರಿ ಹೊಡಿಯಾಕ ಬಂದಾನೋ ಮೀನ ಮಾರಾಕ ಹೊಂಟಾನೋ" ಅನ್ನುತ್ತಿದ್ದ. ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಒಮ್ಮೆ ಬಾಯಿಕಟ್ಟನ್ನು ಅವನ ಕುತ್ತಿಗೆಗೇ ಹಾಕಿಬಿಟ್ಟೆ. ಉಸ್ತಾದರು ನಕ್ಕರು, ಆಮೇಲೆ ಇಬ್ಬರನ್ನೂ ಬೈದರು.

ನಾಲ್ಕನೆಯ ವಾರ ಹ್ಯಾಂಡಲ್ ಹೊಡೆಯುವುದು. ಲಾರಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಇಂಜಿನ್ ಎದ್ದೇಳಬೇಕು. ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಇರಬೇಕು, ಸುತ್ತಿ ಹಿಡಿದರೆ ಅದು ತಿರುಗಿ ಒದ್ದು ಮಣಿಕಟ್ಟು ಮುರಿಯುತ್ತದೆ. ಉಸ್ತಾದರು ತಮ್ಮ ಸೊಟ್ಟ ಮಣಿಕಟ್ಟನ್ನು ನಮ್ಮ ಮೂಗಿನ ಹತ್ತಿರ ಹಿಡಿದು ಇದನ್ನು ಹೇಳಿದರು. ನಾನು ಮರೆಯಲಿಲ್ಲ. ಆಮೇಲೆ ಸೀಟು. ಬರಿಗಾಲಲ್ಲೇ ಕೂರಬೇಕು, ಅಂಗಾಲಿಗೆ ಇಂಜಿನ್ನಿನ ನಡುಕ ತಿಳಿಯಬೇಕು ಎಂದು ಅವರ ಹಟ. ಮೊದಲ ಸಲ ಲಾರಿ ನನ್ನ ಕಾಲಿನ ಮಾತು ಕೇಳಿ ಮುಂದೆ ಹೋದಾಗ ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಯೇನೂ ಇಲ್ಲ ಹೇಳುವುದಕ್ಕೆ. ಅಷ್ಟು ಎತ್ತರದಲ್ಲಿ ಕೂತು ನಾನು ಯಾವತ್ತೂ ರಸ್ತೆ ನೋಡಿರಲಿಲ್ಲ.

ಪರೀಕ್ಷೆಯ ದಿನ ಉಸ್ತಾದರು ಲಾರಿಗೆ ಊದುಬತ್ತಿ ಹಚ್ಚಿದರು. ಕಿರವತ್ತಿಯವನು ತೆಂಗಿನಕಾಯಿ ಒಡೆದ. ಸಾಹೇಬರು ಮರಾಠಿ ಮಾತಿನವರು, ದಪ್ಪ ಮೀಸೆ, ಕನ್ನಡ ತುಸು ಬರುತ್ತಿತ್ತು. ಕಿರವತ್ತಿಯವನ ಸರದಿ ಮೊದಲು. ಅವನು ಗೇರನ್ನು ಎಂಥ ಸದ್ದು ಮಾಡಿಸಿ ಹಾಕಿದನೆಂದರೆ ಹಿಂದೆ ನಿಂತಿದ್ದ ಉಸ್ತಾದರು ಕಿವಿ ಮುಚ್ಚಿಕೊಂಡರು. ಸಾಹೇಬರು ಹುಬ್ಬು ಗಂಟಿಕ್ಕಿದರು, ಆದರೂ ಪಾಸು ಮಾಡಿದರು. ಇವನೇ ಪಾಸಾದ ಅಂದಮೇಲೆ ನನ್ನದೇನು ಚಿಂತೆ ಅಂದುಕೊಂಡೆ.

ನನ್ನ ಸರದಿ. ಸಾಹೇಬರು ಪಕ್ಕದಲ್ಲಿ ಕೂತರು. ಉಸ್ತಾದರೂ ಕಿರವತ್ತಿಯವನೂ ಹಿಂದೆ ಮಾಲು ತುಂಬುವ ಕಡೆ ನಿಂತರು. ಸಾಹೇಬರು ಸಿದ್ದಾಪುರದ ರಸ್ತೆ ಹಿಡಿಯಲು ಹೇಳಿದರು. ಹ್ಯಾಂಡಲಿನ ಒಂದೇ ಹೊಡೆತಕ್ಕೆ ಇಂಜಿನ್ ಎದ್ದಿತು. ಏರಿನ ನಡುವೆ ನಿಲ್ಲಿಸಲು ಹೇಳಿದರು, ನಿಲ್ಲಿಸಿದೆ. ಒಂದು ಗೇಣೂ ಹಿಂದೆ ಸರಿಯದಂತೆ ಲಾರಿ ಎತ್ತು ಅಂದರು, ಎತ್ತಿದೆ. ಮೋರಿಯ ಹತ್ತಿರ ತಿರುಗಿಸಿದೆ. ಸಾಹೇಬರು "ಬರೋಬರ್" ಅಂದು ಕೈಯಲ್ಲಿದ್ದ ಕಾಗದಕ್ಕೆ ಏನೋ ಬರೆದುಕೊಂಡರು. ಇನ್ನು ಪೇಟೆಗೆ ವಾಪಸು ಹೋಗುವುದೊಂದೇ ಬಾಕಿ. ಯಲ್ಲಾಪುರದ ಖೋಲಿಯಲ್ಲಿ ಅಮ್ಮ ಒಲೆಯನ್ನು ಯಾವ ಮೂಲೆಗೆ ಹಾಕಬಹುದು ಎಂದು ನಾನು ಯೋಚಿಸುತ್ತಿದ್ದೆ.

ಆಗ ಮುಂದೆ, ಹಳ್ಳಿಯ ಒಳದಾರಿ ಬಂದು ಕೂಡುವಲ್ಲಿ, ರಸ್ತೆಯ ಅಂಚಿನಲ್ಲಿ ಒಂದು ಸವಾರಿ ಗಾಡಿ ನಿಂತದ್ದು ಕಂಡಿತು. ಎತ್ತಿಗೆ ನೀರು ಕುಡಿಸುತ್ತಿದ್ದರು. ಪಕ್ಕದಲ್ಲಿ ಬಿಳಿ ಪಂಚೆ, ಕೈಯಲ್ಲಿ ಕೊಡೆ. ನಮ್ಮ ಒಡೆಯರು. ಕೋರ್ಟಿನ ಕೆಲಸಕ್ಕೆ ಶಿರಸಿಗೆ ಹೊರಟವರು.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಒಕ್ಕಲಾದವನು ಗಾಡಿಯ ಮೇಲೆ ಕೂತಿದ್ದಾಗ ಒಡೆಯರು ಎದುರು ಸಿಕ್ಕರೆ ಇಳಿಯಬೇಕು. ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಸುತ್ತಿ, ಬದಿಗೆ ನಿಂತು ಕೈಮುಗಿಯಬೇಕು. ಅವರು ದಾಟಿದ ಮೇಲೆ ಹತ್ತಬೇಕು. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಡೆಯಲು ಕಲಿತಂತೆ ಇದನ್ನೂ ಕಲಿತಿದ್ದೆ.

ನಾನು ಯೋಚನೆ ಮಾಡಿ ಇಳಿದದ್ದಲ್ಲ. ಯೋಚನೆ ಮಾಡಿದ್ದರೆ ಇಳಿಯುತ್ತಿರಲಿಲ್ಲ, ದೇವರಾಣೆ. ಲಾರಿ ನಿಂತಿತ್ತು. ಕೈಬ್ರೇಕು ಎಳೆದಿದ್ದೆ, ಅಷ್ಟು ಮಾತ್ರ ವಿದ್ಯೆ ಉಳಿದಿತ್ತು. ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಸಾಹೇಬರು ಒಳಗೆ, ನಾನು ರಸ್ತೆಯಲ್ಲಿ, ಹೆಗಲಿನ ವಸ್ತ್ರ ಸೊಂಟದಲ್ಲಿ, ಎರಡೂ ಕೈ ಜೋಡಿಸಿದ್ದೆ. ಕಾಲಲ್ಲಿ ಚಪ್ಪಲಿ ಇದ್ದಿದ್ದರೆ ಅದನ್ನೂ ಬಿಡುತ್ತಿದ್ದೆ.

ಒಡೆಯರಿಗೆ ಮೊದಲು ಗುರುತು ಹತ್ತಲಿಲ್ಲ. ಆಮೇಲೆ ಮುಖ ಅರಳಿತು. "ಎಂತದಾ, ನೀನನಾ? ಮೋಟ್ರು ಬಿಡೂದು ಕಲ್ತ್ಯನಾ?" ಎಂದರು. "ಹೌದು ಒಡೆಯಾ" ಅಂದೆ. ಅಷ್ಟು ಹೇಳುವಾಗ ನಾನು ಎಲ್ಲಿ ನಿಂತಿದ್ದೇನೆ ಎಂಬುದು ನನಗೆ ತಿಳಿಯಿತು. ಓಡಿ ಹತ್ತಲು ಹೋದೆ, ಅಷ್ಟರಲ್ಲಿ ಸಾಹೇಬರು ಕೈ ಅಡ್ಡ ಹಿಡಿದರು.

"ಇವರು ಯಾರು? ಕಲೆಕ್ಟರ್ ಸಾಹೇಬರಾ?"

"ಅಲ್ಲ ಸಾಹೇಬ್ರೆ. ನಮ್ಮ ಒಡೆಯರು."

"ಘಟ್ಟದ ರಸ್ತೇಲಿ ಮಾಲು ತುಂಬಿದ ಲಾರಿ. ಎದುರು ಒಡೆಯರು ಬಂದ್ರೆ? ಆಗಲೂ ಇಳೀತಿ ಏನು?"

ಇಲ್ಲ ಎನ್ನಬೇಕಿತ್ತು. ಎರಡಕ್ಷರ. ಒಡೆಯರು ಅಲ್ಲೇ ನಿಂತು ಕೇಳುತ್ತಿದ್ದರು. ಅವರ ಎದುರಿಗೆ ಆ ಎರಡಕ್ಷರ ನನ್ನ ಬಾಯಿಂದ ಹೊರಡಲಿಲ್ಲ. ತಲೆ ತಗ್ಗಿಸಿ ನಿಂತೆ.

ಒಡೆಯರಿಗೆ ನನಗೇನಾದರೂ ಉಪಕಾರ ಮಾಡಬೇಕು ಅನ್ನಿಸಿರಬೇಕು. ಹತ್ತಿರ ಬಂದು ಸಾಹೇಬರಿಗೆ ನಮಸ್ಕಾರ ಹೇಳಿ, "ಒಳ್ಳೆ ಮಾಣಿ ರಾಯರೆ. ಮರ್ಯಾದೆ ಗೊತ್ತಿದ್ದವ. ನಮ್ಮಲ್ಲೇ ಹುಟ್ಟಿ ಬೆಳೆದದ್ದು" ಅಂದರು. ಸಾಹೇಬರು "ಕಂಡಿತು" ಅಂದು ಕಾಗದದಲ್ಲಿ ಬರೆದದ್ದರ ಮೇಲೆ ಒಂದು ಗೆರೆ ಎಳೆದರು. ಆಮೇಲೆ ಉಸ್ತಾದರನ್ನು ಮುಂದೆ ಕರೆದು ಲಾರಿ ನಡೆಸಲು ಹೇಳಿದರು. ನಾನು ಹಿಂದೆ ಹತ್ತಿಕೊಂಡೆ. ಕಿರವತ್ತಿಯವನು ಅವತ್ತು ಒಂದು ಮಾತನ್ನೂ ಆಡಲಿಲ್ಲ. ಅವನು ತಮಾಷೆ ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುಸಾಫಿರ ಬಂಗಲೆಯ ಹತ್ತಿರ ಸಾಹೇಬರನ್ನು ಇಳಿಸಿದ ಮೇಲೆ ಉಸ್ತಾದರು ಒಂದು ಬೀಡಿ ಹಚ್ಚಿದರು. ಬಯ್ಯಲಿ ಎಂದು ಕಾದೆ. "ತಪ್ಪು ನಂದೇ ಮಗನೇ. ನಿನಗೆ ಗಾಡಿ ಕಲಿಸ್ದೆ. ಕೂರೋದು ಕಲಿಸ್ಲಿಲ್ಲ" ಅಂದರು. ಮುಂದಿನ ವರ್ಷ ಬಾ ಎಂದು ಹೇಳಲಿಲ್ಲ. ತಮ್ಮನ ಲಾರಿಗೆ ಈಗಲೇ ಜನ ಬೇಕಿತ್ತು. ಆ ಸೀಟಿಗೆ ಕಿರವತ್ತಿಯವನು ಹೋದ. ಹೊರಡುವಾಗ ನನ್ನ ಭುಜ ಹಿಡಿದು, "ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡೋ" ಅಂದ. ಅವನ ಮೇಲೆ ಯಾತರ ಸಿಟ್ಟು. ನನ್ನ ಎರಡು ಕೈ ನೋಡಿದರೆ ನನಗೇ ಹೇಸಿಗೆಯಾಗುತ್ತಿತ್ತು.

ಶಿರಸಿಯಿಂದ ಮನೆಗೆ ನಡೆದೇ ಹೋದೆ. ದಾರಿಯಲ್ಲಿ ನೂರು ಸಲ ಒಡೆಯರನ್ನು ಎದುರಿಗೆ ತಂದು, ನೂರು ಸಲವೂ ಇಳಿಯದೆ ಅವರ ಪಕ್ಕದಿಂದ ಲಾರಿ ಬಿಟ್ಟುಕೊಂಡು ಹೋದೆ. ಹುಟ್ಟು ಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಸುಳ್ಳು ಮಾತು. ಹುಟ್ಟುವಾಗ ನನ್ನ ಬೆನ್ನು ಎಲ್ಲರ ಹಾಗೆ ನೆಟ್ಟಗೇ ಇತ್ತು.

ಅಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಆದದ್ದನ್ನು ಬಿಡಿಸಿ ಹೇಳಿದೆ. ಅವನು ಹೊಸೆಯುವುದನ್ನು ನಿಲ್ಲಿಸಿ ಕೇಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳುತ್ತಾನೆ, ಇಲ್ಲವೇ ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ನಿಟ್ಟುಸಿರು ಬಿಟ್ಟು, "ಇಳ್ದಿದ್ದೇ ಚಲೋ ಆತು ಮಾರಾಯ. ಇಳೀದೇ ಹೋಗಿದ್ರೆ ನಾ ನಾಳೆ ಅವ್ರ ಮುಂದೆ ಎಂತ ಮಕ ಹೊತ್ಕಂಡು ನಿಂತ್ಕಳ್ಲಿ" ಅಂದ. ಮರುದಿನ ಬೆಳಿಗ್ಗೆ ಅಪ್ಪನ ನೇಗಿಲನ್ನು ನಾನು ಹೊತ್ತೆ.

ಆಮೇಲಿನದು ಹೇಳುವಂಥದ್ದೇನೂ ಅಲ್ಲ, ಒಂದನ್ನು ಬಿಟ್ಟು. ಒಡೆಯರಿಗೆ ಆ ದಿನದ ಸಂಗತಿ ಬಹಳ ಹಿಡಿಸಿಬಿಟ್ಟಿತು. ಮನೆಗೆ ನೆಂಟರು ಬಂದಾಗಲೆಲ್ಲ ಕೆಲಸದಲ್ಲಿದ್ದ ನನ್ನನ್ನು ಅಂಗಳಕ್ಕೆ ಕರೆಸಿ, ನನ್ನ ಎದುರಿಗೇ ಆ ಕತೆ ಹೇಳುತ್ತಿದ್ದರು. "ಪೊಲೀಸ್ ಸಾಯ್ಬ ಒಳಗೇ ಕೂತಿದ್ದ. ಇಂವ ಅವನ್ನ ಅಲ್ಲೇ ಬಿಟ್ಟು ಇಳದು ಬಂದು ನಂಗೆ ಕೈ ಮುಗ್ದ. ಆ ಸಾಯ್ಬನ ಮುಖ ನೋಡವಾಗಿತ್ತು." ಹೇಳುವಾಗ ಅವರ ದನಿಯಲ್ಲಿ ಪ್ರೀತಿಯೇ ಇರುತ್ತಿತ್ತು. ಕತೆ ಮುಗಿದ ಮೇಲೆ ತಮ್ಮ ಕೈಯಾರೆ ನನಗೆ ಎಲೆಯಡಿಕೆ ಕೊಡುತ್ತಿದ್ದರು.

ಹತ್ತಾರು ವರ್ಷ ಹೀಗೇ ನಡೆಯಿತು. ಒಮ್ಮೆ ನೆಂಟರೊಬ್ಬರು ಎಲ್ಲ ಕೇಳಿ, "ಅದೆಲ್ಲ ಸರಿ. ಪರೀಕ್ಷೆ ಎಂತಾತು?" ಅಂದರು. ಒಡೆಯರು ನನ್ನ ಕಡೆ ತಿರುಗಿದರು. "ಹೌದಲಾ, ಎಂತಾತಾ ಅದು?" ಎಂದರು. ಅವರಿಗೆ ನಿಜಕ್ಕೂ ನೆನಪಿರಲಿಲ್ಲ.

"ಆಗ್ಲಿಲ್ಲ ಒಡೆಯಾ" ಅಂದೆ.

"ಹೋಗ್ಲಿ ಬಿಡು, ನಮ್ಮ ಪಾಲಿಗೆ ಉಳದ್ಯಲಾ" ಎಂದು ಅವರು ನಕ್ಕರು. ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ನಿಂತಿದ್ದರೆ ಮರ್ಯಾದೆಯಾಗುತ್ತಿರಲಿಲ್ಲ.