ಯಾರನ್ನೂ ನಂಬದ ಸಾಹೇಬರು

ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯಲ್ಲಿ ನಾನು ನೇಮಕಾತಿ ನೋಡಿಕೊಳ್ಳುತ್ತಿದ್ದಾಗ, ಕಂಪ್ಯೂಟರ್ ವಿಭಾಗದ ಸಾಹೇಬರು ಝೀರೊ ಟ್ರಸ್ಟ್ ಪದ್ಧತಿ ತಂದರು. ಒಳಗಿನವರಾದರೂ ಸರಿ, ಕಂಪ್ಯೂಟರ್ ತೆರೆಯುವಾಗಲೆಲ್ಲ ಮೊಬೈಲಿಗೆ ಬಂದ ಸಂಖ್ಯೆ ಒತ್ತಿ ತಾವು ಯಾರೆಂದು ತೋರಿಸಬೇಕು. "ನಂಬಬ್ಯಾಡ್ರಿ, ತಪಾಸ್ ಮಾಡ್ರಿ," ಎನ್ನುತ್ತ ಅವರು ಕ್ಯಾಂಟೀನಿನ ಚಹಾವನ್ನೂ ಮೂಸಿ ನೋಡಿಯೇ ಕುಡಿಯುತ್ತಿದ್ದರು.

ಒಂದು ಮಧ್ಯಾಹ್ನ ಅವರ ಮೊಬೈಲ್ ನೀರಿನ ತೊಟ್ಟಿಗೆ ಬಿತ್ತು. ಅದೇ ಹೊತ್ತಿಗೆ ಲಾರಿ ತೂಗುವ ಕಂಪ್ಯೂಟರ್ ಲಾಕ್ ಆಯಿತು. ಅದನ್ನು ತೆರೆಯುವ ಅಧಿಕಾರ ಅವರೊಬ್ಬರಿಗೇ ಇತ್ತು. ತುಂಬಿದ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಎದುರಿಗೆ ಸಿಕ್ಕ ನನ್ನನ್ನೂ ಕರೆದುಕೊಂಡು ಅವರು ತಮ್ಮ ಸಹಾಯಕಿಯ ಬಳಿ ಓಡಿದರು. ಅವರೇ ಕಲಿಸಿದ, ಇನ್ನೂ ಕಾಯಂ ಆಗದ ಹುಡುಗಿ. ಮೊಬೈಲ್ ಕೆಟ್ಟವರಿಗೆ ಒಳಗೆ ಹೋಗಲು ಹೊಸ ಪಾಸ್‌ವರ್ಡ್ ಕೊಡುವ ಕೆಲಸ ಆಕೆಯದು.

"ಹೊಸ ಪಾಸ್‌ವರ್ಡ್ ಕೊಡವಾ, ಲಗೂನ."

"ಗುರುತು ತೋರಿಸ್ರಿ ಸರ್. ಮೊಬೈಲಿಗೆ ಬಂದ ನಂಬರ್ ಹೇಳ್ರಿ."

"ನನ್ನ ಮಾರಿ ಕಾಣವಲ್ದೇನು?"

"ಕಾಣ್ತದರಿ. ಮಾರಿ ನೋಡಿ ನಂಬಬ್ಯಾಡ ಅಂತ ನೀವ ಹೇಳೀರಿ."

ಸಾಹೇಬರ ಮುಖ ಅರಳಿತು. ನನ್ನ ಕಡೆ ತಿರುಗಿ, "ಈಕೀನ್ನ ಕಾಯಂ ಮಾಡ್ರಿ!" ಎಂದರು.

"ಹೇಳಾಕತ್ತೋರು ಯಾರಂತ ಮೊದಲ ಗೊತ್ತಾಗ್ಲಿ," ಎಂದಳು ಆಕೆ.

ಸಂಜೆ ಸೇಡಂನಿಂದ ಹೊಸ ಮೊಬೈಲ್, ಸಿಮ್ ಬಂದ ಮೇಲೆಯೇ ಲಾರಿಗಳು ಹೊರಟವು. ಮರುದಿನ ಆಕೆಯನ್ನು ಕಾಯಂ ಮಾಡಬೇಕೆಂಬ ಶಿಫಾರಸು ಸಾಹೇಬರ ಹೆಸರಿನಲ್ಲಿ ನನಗೆ ಬಂತು. ಕಳಿಸಿದ್ದು ಅವರೇ ಹೌದೋ ಅಲ್ಲವೋ ಎಂದು ಫೋನ್ ಮಾಡಿ ಕೇಳಿದೆ.

ಅವರಿಗೆ ಭಾಳ ಖುಷಿಯಾಯಿತು. "ಕೇಳಾಕತ್ತೋರು ಯಾರ್ರಿ?" ಎಂದರು.